‘ನಿಮ್ಮೊಬ್ಬರಿಗೇ ಹೀಗಾಗಿರೋದು’: ತಂತ್ರಜ್ಞಾನದ ದಬ್ಬಾಳಿಕೆಗೆ ಜನ ತಿರುಗಿಬೀಳೋದು ಹೇಗೆ

ರಾತ್ರಿ ಅಂಗಡಿ ಬಾಗಿಲು ಹಾಕಿ, ಗಲ್ಲಾಪೆಟ್ಟಿಗೆಯ ದುಡ್ಡು ಎಣಿಸಿ, ದಿನದ ಲೆಕ್ಕ ತಾಳೆ ನೋಡುವ ಹೊತ್ತು. ಕಂಪ್ಯೂಟರ್ 2000 ಪೌಂಡ್ ಕಡಿಮೆ ಇದೆ ಅನ್ನುತ್ತದೆ. ಮತ್ತೆ ಎಣಿಸಿದರೂ ಅದೇ. ಹೆಲ್ಪ್‌ಲೈನಿಗೆ ಫೋನ್ ಮಾಡಿ, ಅವರು ಹೇಳಿದ ಗುಂಡಿಗಳನ್ನೇ ಒಂದೊಂದಾಗಿ ಒತ್ತುತ್ತಾ ಹೋದರೆ, ಕಣ್ಣೆದುರಿಗೇ ಆ 2000 ಹೋಗಿ 4000 ಆಗುತ್ತದೆ. ದುಡ್ಡು ಯಾರೂ ಮುಟ್ಟಿಲ್ಲ. ಪೆಟ್ಟಿಗೆ ಇಲ್ಲೇ ಇದೆ, ಎಣಿಸಿದ ಕೈ ಇದೇ. ಆದರೂ ಸಾಲ ಮಾತ್ರ ಎರಡು ಪಟ್ಟು.

ಇದು ಕಥೆಯಲ್ಲ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಅಂಚೆ ಶಾಖೆ ನಡೆಸುತ್ತಿದ್ದ ಮಹಿಳೆಯೊಬ್ಬರು ಹೇಳಿಕೊಂಡ ಅನುಭವ. ಅಲ್ಲಿನ ಪೋಸ್ಟ್ ಆಫೀಸ್ 1999ರಿಂದ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರನ್ನು ಸಾವಿರಾರು ಶಾಖೆಗಳಿಗೆ ಹಾಕಿತು. ಅದರಲ್ಲಿ ದೋಷಗಳಿದ್ದವು. ಆದರೆ ಶಾಖೆ ನಡೆಸುವವರ ಒಪ್ಪಂದ ಹೇಗಿತ್ತೆಂದರೆ, ಲೆಕ್ಕದಲ್ಲಿ ಕೊರತೆ ಕಂಡರೆ ಅವರೇ ಕೈಯಿಂದ ತುಂಬಬೇಕು. ತುಂಬಲಾಗದವರ ಮೇಲೆ ಕಳ್ಳತನದ ಕೇಸು, ಸುಳ್ಳು ಲೆಕ್ಕದ ಕೇಸು. 2015ರ ತನಕ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಎಷ್ಟೋ ಜನ ಮನೆ ಮಾರಿದರು. ಕನಿಷ್ಠ 13 ಮಂದಿ ಇದೇ ಕಾರಣಕ್ಕೆ ಜೀವ ಕಳೆದುಕೊಂಡಿರಬಹುದು ಎಂದು ವಿಚಾರಣಾ ಆಯೋಗದ ವರದಿ 2025ರಲ್ಲಿ ಹೇಳಿತು.

ಹೆಲ್ಪ್‌ಲೈನಿಗೆ ಫೋನ್ ಮಾಡಿದ ಎಷ್ಟೋ ಜನಕ್ಕೆ ಸಿಕ್ಕ ಉತ್ತರ ಒಂದೇ. ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮ್ಮೊಬ್ಬರಿಗೇ ಹೀಗಾಗಿರೋದು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ವಾಕ್ಯದ ಸುತ್ತಲೇ ಇದೆ. ತಂತ್ರಜ್ಞಾನದ ವಿರುದ್ಧ ಬಂಡಾಯ ಅಂದ ತಕ್ಷಣ ನಮ್ಮ ತಲೆಗೆ ಬರುವ ಚಿತ್ರ ಬೇರೆ. ಕತ್ತಲ ನಗರ, ಮೂಲೆ ಮೂಲೆಯಲ್ಲೂ ಕ್ಯಾಮೆರಾ, ಎಲ್ಲರನ್ನೂ ಆಳುವ ಒಂದು ದೊಡ್ಡ ಯಂತ್ರ, ಕೊನೆಗೆ ಧೈರ್ಯವಂತನೊಬ್ಬ ಒಳನುಗ್ಗಿ ಅದನ್ನು ಪುಡಿ ಮಾಡುತ್ತಾನೆ. ನೋಡಲು ಚೆನ್ನಾಗಿರುತ್ತದೆ. ಆದರೆ ನಿಜವಾಗಿ ನಡೆದ ಬಂಡಾಯಗಳನ್ನು ಸುಮ್ನೆ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಕಾಣುವುದು ಬೇರೆಯೇ. ದಬ್ಬಾಳಿಕೆಯ ಯಂತ್ರಕ್ಕೆ ಬಲ ಬರುವುದು ಅದರ ಬುದ್ಧಿಯಿಂದಲ್ಲ, ಅದು ಜನರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಕೂರಿಸುವುದರಿಂದ. ಬಂಡಾಯ ಶುರುವಾಗುವುದು ಎರಡನೇ ವ್ಯಕ್ತಿ ಸಿಕ್ಕಾಗ.

ಅಂಚೆ ಶಾಖೆಗಳವರಿಗೆ ಆ ಎರಡನೇ ವ್ಯಕ್ತಿ ಸಿಗಲು ಹತ್ತು ವರ್ಷ ಬೇಕಾಯಿತು. ಶಾಖೆ ನಡೆಸುತ್ತಿದ್ದ ಅಲನ್ ಬೇಟ್ಸ್ ಎಂಬುವರ ಒಪ್ಪಂದವನ್ನು 2003ರಲ್ಲಿ ರದ್ದು ಮಾಡಿದ್ದರು. ತನ್ನದಲ್ಲದ ಕೊರತೆಯನ್ನು ತುಂಬಲು ಅವರು ಒಪ್ಪಿರಲಿಲ್ಲ. 2009ರಲ್ಲಿ ಕಂಪ್ಯೂಟರ್ ವೀಕ್ಲಿ ಪತ್ರಿಕೆ ಇಂಥ ಏಳು ಜನರ ಕಥೆ ಪ್ರಕಟಿಸಿತು. ಅದೇ ವರ್ಷ ನವೆಂಬರಿನಲ್ಲಿ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಂಗಣದಲ್ಲಿ ಇವರೆಲ್ಲ ಮೊದಲ ಸಲ ಸೇರಿದರು. ಆ ಕೋಣೆಯನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಿ. ಊರವರ ಕಣ್ಣಲ್ಲಿ ಕಳ್ಳರಾದವರು, ಮನೆಯವರಿಗೂ ಪೂರ್ತಿ ಹೇಳಿಕೊಳ್ಳಲಾಗದೆ ಒಳಗೊಳಗೇ ‘ನಾನೇ ಎಲ್ಲೋ ತಪ್ಪು ಮಾಡಿದೆನಾ’ ಅಂತ ಕೊರಗಿದವರು, ಎದುರಿಗೆ ಕೂತ ಅಪರಿಚಿತರ ಬಾಯಲ್ಲಿ ತಮ್ಮದೇ ಕಥೆ ಕೇಳುತ್ತಿದ್ದಾರೆ. ಅಂಥದೇ ಕೊರತೆ, ಅಂಥದೇ ಫೋನು, ಅದೇ ಉತ್ತರ. ಅಲ್ಲಿ ಯಾರೂ ಒಂದು ಕಂಪ್ಯೂಟರನ್ನೂ ಒಡೆಯಲಿಲ್ಲ. ಆದರೂ ಆ ಯಂತ್ರದ ಬೆನ್ನು ಮುರಿಯುವ ಕೆಲಸ ಶುರುವಾಗಿದ್ದು ಅಲ್ಲೇ ಎಂದು ನನಗನ್ನಿಸುತ್ತದೆ. 555 ಮಂದಿ ಒಟ್ಟಾಗಿ ಹಾಕಿದ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವೆಂದು ಹೇಳಿದರು. ದೋಷವೇ ಇಲ್ಲವೆಂಬ ವಾದವನ್ನು ಭೂಮಿ ಚಪ್ಪಟೆ ಎಂದು ಹಟ ಹಿಡಿಯುವುದಕ್ಕೆ ಹೋಲಿಸಿದರು. 2024ರಲ್ಲಿ ಸಂಸತ್ತು ಕಾನೂನು ತಂದು ನೂರಾರು ಶಿಕ್ಷೆಗಳನ್ನು ಒಟ್ಟಿಗೇ ರದ್ದು ಮಾಡಿತು.

ಇದರ ಪಕ್ಕದಲ್ಲಿ ಇನ್ನೊಂದು ಘಟನೆ ಇಡುತ್ತೇನೆ. ಅದೇ ದೇಶ, 2020. ಕೊರೊನಾ ಕಾರಣಕ್ಕೆ, ಕಾಲೇಜಿಗೆ ಸೇರುವ ಮೊದಲು ಬರೆಯುವ ಎ ಲೆವೆಲ್ ಪರೀಕ್ಷೆಗಳು ನಡೆಯಲಿಲ್ಲ. ಶಿಕ್ಷಕರು ಕೊಟ್ಟ ಅಂದಾಜು ಗ್ರೇಡನ್ನು ಒಂದು ಆಲ್ಗಾರಿದಮ್, ಅಂದರೆ ಕಂಪ್ಯೂಟರಿನ ಲೆಕ್ಕದ ಸೂತ್ರ, ‘ಸರಿಪಡಿಸಿತು’. ಅದು ಹೆಚ್ಚಾಗಿ ನೋಡಿದ್ದು ಹುಡುಗನನ್ನಲ್ಲ, ಅವನ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನು. ಶಾಲೆಯಲ್ಲಿ ಹಿಂದೆ ಯಾರಿಗೂ ಒಳ್ಳೆ ಗ್ರೇಡ್ ಬಂದಿಲ್ಲವಾದರೆ ಈ ವರ್ಷದ ಜಾಣ ಹುಡುಗಿಯೂ ಕೆಳಗೆ ಬರಬೇಕು. ತೀರಾ ಚಿಕ್ಕ ತರಗತಿಗಳಿಗೆ ಮಾತ್ರ ಶಿಕ್ಷಕರ ಮಾತೇ ನಡೆಯಿತು, ಮತ್ತು ಚಿಕ್ಕ ತರಗತಿಗಳು ಇರುವುದು ಜಾಸ್ತಿ ದುಡ್ಡಿರುವವರ ಶಾಲೆಗಳಲ್ಲಿ. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ 40% ಗ್ರೇಡುಗಳು ಶಿಕ್ಷಕರು ಕೊಟ್ಟದ್ದಕ್ಕಿಂತ ಕೆಳಗಿಳಿದವು. ಆಗಸ್ಟ್ 13ಕ್ಕೆ ಫಲಿತಾಂಶ ಬಂತು. ಮಕ್ಕಳು ಶಿಕ್ಷಣ ಇಲಾಖೆಯ ಮುಂದೆ ನಿಂತು ಆಲ್ಗಾರಿದಮ್ಮಿಗೇ ಬೈದು ಘೋಷಣೆ ಕೂಗಿದರು. ಆಗಸ್ಟ್ 17ಕ್ಕೆ ಸರ್ಕಾರ ಹಿಂದೆ ಸರಿಯಿತು.

ಅಲ್ಲಿ ಹದಿನೈದು ಇಪ್ಪತ್ತು ವರ್ಷ. ಇಲ್ಲಿ ನಾಲ್ಕು ದಿನ.

ಯಾಕೆ ಇಷ್ಟು ವ್ಯತ್ಯಾಸ? ಮಕ್ಕಳು ಹೆಚ್ಚು ಧೈರ್ಯವಂತರು ಅಂತಲ್ಲ. ಅವರೆಲ್ಲರಿಗೂ ಪೆಟ್ಟು ಬಿದ್ದದ್ದು ಒಂದೇ ದಿನ. ಪಕ್ಕದವಳ ಗ್ರೇಡ್ ಕೇಳಿದರೆ ಸಾಕು, ವಿಷಯ ಗೊತ್ತಾಗುತ್ತಿತ್ತು. ಅಂಚೆ ಶಾಖೆಯವರಿಗೆ ಪೆಟ್ಟು ಬಿದ್ದದ್ದು ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ರಾತ್ರಿ, ಮುಚ್ಚಿದ ಬಾಗಿಲ ಹಿಂದೆ. ಅದರ ಮೇಲೆ ನಾಚಿಕೆ ಬೇರೆ. ಸಾಲ, ಕಳ್ಳತನದ ಆರೋಪ, ಕಡಿಮೆ ರೇಟಿಂಗ್, ತಿರಸ್ಕಾರವಾದ ಅರ್ಜಿ, ಇವನ್ನೆಲ್ಲ ಯಾರೂ ಬೀದಿಯಲ್ಲಿ ನಿಂತು ಹೇಳಿಕೊಳ್ಳುವುದಿಲ್ಲ ಅಲ್ವಾ? ಯಂತ್ರಕ್ಕೆ ಕಾವಲು ಕಾಯುವುದು ಆ ನಾಚಿಕೆಯೇ.

ಆಸ್ಟ್ರೇಲಿಯಾದಲ್ಲಿ ಆಗಿದ್ದೂ ಇದೇ. ಅಲ್ಲಿ ರೋಬೋಡೆಟ್ ಎಂದು ಹೆಸರಾದ, ಭತ್ಯೆಯ ಹಣ ವಾಪಸ್ ವಸೂಲಿ ಮಾಡುವ ಯೋಜನೆ 2016ರಿಂದ 2019ರ ತನಕ ನಡೆಯಿತು. ಅದರ ಲೆಕ್ಕ ಎಷ್ಟು ಸರಳವೋ ಅಷ್ಟೇ ಕ್ರೂರ. ಸರ್ಕಾರದ ಭತ್ಯೆ ಸಿಗುವುದು ಆಯಾ ಹದಿನೈದು ದಿನದ ಆದಾಯ ನೋಡಿ. ಕಂಪ್ಯೂಟರ್ ಮಾಡಿದ್ದೇನೆಂದರೆ, ತೆರಿಗೆ ಇಲಾಖೆಯಲ್ಲಿದ್ದ ಇಡೀ ವರ್ಷದ ಆದಾಯವನ್ನು 26ರಿಂದ ಭಾಗಿಸಿ ಪ್ರತಿ ಹದಿನೈದು ದಿನಕ್ಕೂ ಸಮನಾಗಿ ಹಂಚಿತು. ಉದಾಹರಣೆಗೆ, ಒಬ್ಬಳು ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿದಳು, ಉಳಿದ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ತಗೊಂಡಳು ಅಂತಿಟ್ಟುಕೊಳ್ಳಿ. ಕಂಪ್ಯೂಟರಿನ ಪ್ರಕಾರ ಅವಳು ವರ್ಷ ಪೂರ್ತಿ ಹದಿನೈದು ದಿನಕ್ಕೆ 1000 ಡಾಲರಿನಂತೆ ದುಡಿದಿದ್ದಾಳೆ. ಅಂದರೆ ಭತ್ಯೆ ತಗೊಂಡದ್ದು ಮೋಸ, ವಾಪಸ್ ಕಟ್ಟು. ತಪ್ಪೆಂದರೆ ನೀನೇ ಸಾಬೀತು ಮಾಡು, ವರ್ಷಗಳ ಹಿಂದಿನ ಸಂಬಳದ ಚೀಟಿ ಹುಡುಕಿ ತಾ. ಶಾಲಾ ಮಕ್ಕಳಿಗೂ ಗೊತ್ತಾಗುವ ಲೆಕ್ಕದ ತಪ್ಪು ಇದು. ಆದರೂ ಲಕ್ಷಾಂತರ ಜನಕ್ಕೆ ಇದರ ಆಧಾರದ ಮೇಲೆ ಕಾಗದ ಹೋಯಿತು, ತುಂಬಾ ಜನ ಹೆದರಿ ಕಟ್ಟಿಯೂ ಬಿಟ್ಟರು. ತಿರುವು ಬಂದದ್ದು ಕೆಲವರು ‘ಇದು ನನ್ನ ಸಾಲವಲ್ಲ’ ಎಂಬ ಹೆಸರಿನಡಿ ತಂತಮ್ಮ ಕಥೆಗಳನ್ನು ಒಂದೆಡೆ ಸೇರಿಸಲು ಶುರುಮಾಡಿದಾಗ. ಆಮೇಲೆ ಕೋರ್ಟು, ಆಮೇಲೆ ಹಣ ವಾಪಸ್, 2023ರಲ್ಲಿ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗದ ವರದಿ. ಇದು ಒರಟು, ಕ್ರೂರ, ನ್ಯಾಯವೂ ಅಲ್ಲ ಕಾನೂನೂ ಅಲ್ಲ ಎಂದು ಆ ವರದಿ ನೇರವಾಗಿ ಬರೆಯಿತು.

ಇಷ್ಟು ಹೇಳಿದ ಮೇಲೆ, ಯಂತ್ರ ಒಡೆದವರ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಹೊಸ ತಂತ್ರಜ್ಞಾನವನ್ನು ಕಂಡರಾಗದವರನ್ನು ಇಂಗ್ಲಿಷಿನಲ್ಲಿ ಲುಡೈಟ್ ಎಂದು ಹಂಗಿಸುತ್ತಾರೆ. ಆ ಹೆಸರು ಬಂದದ್ದು 1811ರಲ್ಲಿ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಎದ್ದ, ಕಾಲುಚೀಲ ಹೆಣೆಯುವ ಕೆಲಸಗಾರರಿಂದ. ಅವರು ದಡ್ಡರಾಗಿರಲಿಲ್ಲ, ಯಂತ್ರದ್ವೇಷಿಗಳೂ ಆಗಿರಲಿಲ್ಲ. ಚೌಕಟ್ಟು ಎಂದು ಕರೆಯುವ ಹೆಣಿಗೆ ಯಂತ್ರದ ಮೇಲೆ ಬದುಕಿದವರು, ಯಂತ್ರ ಅವರ ಕೈಯ ಮುಂದುವರಿಕೆಯಂತಿತ್ತು. ಕಳಪೆ ಕಾಲುಚೀಲ ತಯಾರಿಸಿ ಕೂಲಿ ಇಳಿಸುತ್ತಿದ್ದ ಮಾಲೀಕರ ಚೌಕಟ್ಟುಗಳನ್ನು ಆರಿಸಿ ಒಡೆದರು, ಪಕ್ಕದಲ್ಲಿದ್ದ ಬೇರೆಯವನ್ನು ಮುಟ್ಟದೆ ಬಿಟ್ಟದ್ದೂ ಉಂಟು. ಯಾರ್ಕ್‌ಶೈರಿನಲ್ಲಿ ಉಣ್ಣೆ ಬಟ್ಟೆಯ ಮೇಲಿನ ನವಿರು ಕತ್ತರಿಸುವ ಕೆಲಸದವರು ಸಂಸತ್ತಿಗೆ ಮೊರೆಯಿಟ್ಟಿದ್ದರು, ಹಳೆಯ ಕಾನೂನುಗಳನ್ನು ಜಾರಿ ಮಾಡಿ ಎಂದು ಕೇಳಿದ್ದರು. ಸಂಸತ್ತು 1809ರಲ್ಲಿ ಆ ಕಾನೂನುಗಳನ್ನೇ ತೆಗೆದುಹಾಕಿತು. ಸಂಘ ಕಟ್ಟುವುದು ಆಗಲೇ ಅಪರಾಧವಾಗಿತ್ತು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಕೈಗೆ ಬಂದದ್ದು ಸುತ್ತಿಗೆ. ಆ ದೊಡ್ಡ ಸುತ್ತಿಗೆಗೆ ಅವರು ಇನೊಕ್ ಎಂದು ಹೆಸರಿಟ್ಟಿದ್ದರು. ಕತ್ತರಿಸುವ ಯಂತ್ರ ಮಾಡುತ್ತಿದ್ದ ಮಾರ್ಸ್‌ಡನ್ನಿನ ಕಮ್ಮಾರ ಇನೊಕ್ ಟೇಲರನ ಹೆಸರು ಅದು. ಇನೊಕ್ ಮಾಡಿದ್ದನ್ನು ಇನೊಕ್ಕೇ ಒಡೆಯಬೇಕು ಎಂದು ಅವರ ಮಾತು.

1812ರಲ್ಲಿ ಚೌಕಟ್ಟು ಒಡೆಯುವುದಕ್ಕೆ ಮರಣದಂಡನೆ ಎಂದು ಕಾನೂನಾಯಿತು. ಕವಿ ಬೈರನ್ ಸಂಸತ್ತಿನಲ್ಲಿ ನಿಂತು ಅದನ್ನು ವಿರೋಧಿಸಿದ. 1813ರ ಜನವರಿಯಲ್ಲಿ ಯಾರ್ಕಿನಲ್ಲಿ 17 ಮಂದಿಯನ್ನು ಗಲ್ಲಿಗೇರಿಸಿದರು. ಸೋತವರ ಹೆಸರು ಬೈಗುಳವಾಗಿ ಉಳಿಯಿತು. ಅವರು ಕೇಳಿದ ಪ್ರಶ್ನೆ ಮಾತ್ರ ಹಾಗೇ ಇದೆ: ಯಂತ್ರದಿಂದ ಬರುವ ಲಾಭ ಯಾರಿಗೆ, ಅದರ ಪೆಟ್ಟು ಯಾರಿಗೆ, ಇದನ್ನು ನಿರ್ಧರಿಸಿದವರು ಯಾರು?

ಅದೇ ಪ್ರಶ್ನೆಯನ್ನು ಇಟಲಿಯ ಬೊಲೊನ್ಯಾದಲ್ಲಿ ಊಟ ತಲುಪಿಸುವ ಸವಾರರ ಪರವಾಗಿ ಕಾರ್ಮಿಕ ಸಂಘಗಳು ಕೋರ್ಟಿನಲ್ಲಿ ಕೇಳಿದವು. ಡೆಲಿವರೂ ಕಂಪನಿಯ ಆಲ್ಗಾರಿದಮ್ಮಿಗೆ ಫ್ರಾಂಕ್ ಎಂದು ಹೆಸರು. ಒಪ್ಪಿಕೊಂಡ ಪಾಳಿಯನ್ನು 24 ಗಂಟೆ ಮೊದಲೇ ರದ್ದು ಮಾಡದೆ ತಪ್ಪಿಸಿದರೆ ಅಂಕ ಇಳಿಯುತ್ತಿತ್ತು, ಅಂಕ ಇಳಿದರೆ ಮುಂದೆ ಒಳ್ಳೆಯ ಪಾಳಿ ಆರಿಸಿಕೊಳ್ಳುವ ಸರದಿ ಕೊನೆಗೆ ಬರುತ್ತಿತ್ತು. ಜ್ವರ ಬಂದು ತಪ್ಪಿಸಿದರೂ ಅಷ್ಟೇ, ಮುಷ್ಕರಕ್ಕೆ ಹೋದರೂ ಅಷ್ಟೇ. 2020ರ ಕೊನೆಯ ದಿನ ಕೋರ್ಟು ಇದು ತಾರತಮ್ಯ ಎಂದಿತು. ಕಾರಣ ಯಾವುದಾದರೂ ಒಂದೇ ಎಂದು ನೋಡುವುದೇ, ಕಣ್ಣು ಮುಚ್ಚಿಕೊಳ್ಳುವುದೇ, ತಾರತಮ್ಯ. ನನಗೆ ಈ ತೀರ್ಪು ತುಂಬಾ ದೊಡ್ಡದು ಅನ್ನಿಸುತ್ತದೆ, ಯಾಕೆಂದರೆ ‘ಯಂತ್ರ ಎಲ್ಲರನ್ನೂ ಸಮಾನವಾಗಿ ನೋಡುತ್ತದೆ’ ಅನ್ನುವ ಮಾತಿನ ಬುಡಕ್ಕೇ ಇದು ಕೈ ಹಾಕಿತು.

2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡಾಮಿನ ಮೇಲ್ಮನವಿ ಕೋರ್ಟು ಊಬರ್ ಮತ್ತು ಓಲಾ ಚಾಲಕರ ಪರವಾಗಿ ಇಂಥದೇ ಮಾತು ಹೇಳಿತು. ಕೆಲವು ಊಬರ್ ಚಾಲಕರನ್ನು ಮೋಸದ ಅನುಮಾನದ ಮೇಲೆ ತೆಗೆದುಹಾಕಿದ್ದರಲ್ಲಿ ಮನುಷ್ಯರ ಪಾತ್ರ ಬರೀ ಹೆಸರಿಗಷ್ಟೇ ಇತ್ತು, ನಿರ್ಧಾರ ಹೇಗಾಯಿತೆಂದು ಕಂಪನಿ ತಿಳಿಸಬೇಕು ಎಂದಿತು. ಚಾಲಕರು ಮೊದಲು ಕೇಳಿದ್ದು ದುಡ್ಡಲ್ಲ, ತಮ್ಮದೇ ಮಾಹಿತಿ. ನಮ್ಮ ಬಗ್ಗೆ ನಿಮ್ಮಲ್ಲಿ ಏನೇನು ಬರೆದಿದೆ, ತೋರಿಸಿ.

ಆದರೆ ಕೋರ್ಟು, ಪತ್ರಿಕೆ, ಸಂಸತ್ತು ಇರುವ ಕಡೆ ಮಾತ್ರ ಈ ದಾರಿ ನಡೆಯುತ್ತದೆ. ಅವೇ ಇಲ್ಲವಾದರೆ, ಅಥವಾ ಇದ್ದೂ ನಂಬಿಕೆ ಹೋದರೆ?

ಹಾಂಗ್‌ಕಾಂಗ್‌ನಲ್ಲಿ 2019ರ ಆಗಸ್ಟ್‌ನಲ್ಲಿ ಪ್ರತಿಭಟನಾಕಾರರು ಬೀದಿಯ ‘ಸ್ಮಾರ್ಟ್’ ದೀಪದ ಕಂಬಗಳನ್ನು ವಿದ್ಯುತ್ ಗರಗಸದಿಂದ ಕೊಯ್ದು, ಹಗ್ಗ ಕಟ್ಟಿ ಎಳೆದು ಬೀಳಿಸಿದರು. ಕೊಯ್ಯುವವರ ಮುಖ ಕಾಣದಂತೆ ಸುತ್ತ ಛತ್ರಿಗಳ ಗೋಡೆ. ಆ ಕಂಬಗಳಲ್ಲಿ ಮುಖ ಗುರುತಿಸುವ ಸೌಲಭ್ಯ ಇಲ್ಲ ಎಂದು ಸರ್ಕಾರ ಹೇಳಿತ್ತು. ಜನ ನಂಬಲಿಲ್ಲ. ನಂಬಿಕೆ ಹೋದ ಮೇಲೆ ಕಂಬದೊಳಗೆ ನಿಜಕ್ಕೂ ಏನಿದೆ ಅನ್ನುವುದು ಮುಖ್ಯವಾಗುವುದೇ ಇಲ್ಲ. ದಿನವೂ ಬಳಸುವ ಆಕ್ಟೋಪಸ್ ಕಾರ್ಡ್ ಬಿಟ್ಟು, ಪ್ರಯಾಣದ ಜಾಡು ಉಳಿಯದಿರಲೆಂದು ಮೆಟ್ರೋ ನಿಲ್ದಾಣದಲ್ಲಿ ಚಿಲ್ಲರೆ ಕೊಟ್ಟು ಟಿಕೆಟ್ ಕೊಳ್ಳಲು ಸಾಲು ನಿಂತರು. ಕ್ಯಾಮೆರಾಗಳ ಕಡೆ ಲೇಸರ್ ಹಿಡಿದರು. ಎಷ್ಟು ಜಾಣತನ, ಎಷ್ಟು ಒಗ್ಗಟ್ಟು! 2020ರ ಜೂನ್ 30ಕ್ಕೆ ಚೀನಾ ಹೇರಿದ ರಾಷ್ಟ್ರೀಯ ಭದ್ರತಾ ಕಾನೂನು ಬಂತು, ಬೀದಿ ಬರಿದಾಯಿತು. ಎರಡನೇ ವ್ಯಕ್ತಿಯಷ್ಟೇ ಅಲ್ಲ, ಲಕ್ಷಾಂತರ ಜನ ಜೊತೆಗಿದ್ದರೂ ಸಾಲದೇ ಹೋದ ಸಂದರ್ಭ ಇದು. ಅದನ್ನು ಮುಚ್ಚಿಟ್ಟು ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಇದಕ್ಕಿಂತಲೂ ಕತ್ತಲಾದ ಕಾಲ 1943ರ ಆಮ್‌ಸ್ಟರ್‌ಡಾಮ್. ನಾಜಿಗಳು ಬರುವ ಮೊದಲೇ ನೆದರ್‌ಲ್ಯಾಂಡ್ಸಿನಲ್ಲಿ ಅಚ್ಚುಕಟ್ಟಾದ ಜನಸಂಖ್ಯಾ ದಾಖಲೆ ಇತ್ತು. ಯಾರು, ಎಲ್ಲಿದ್ದಾರೆ, ಯಾವ ಧರ್ಮ, ಎಲ್ಲಾ ಕಾರ್ಡಿನಲ್ಲಿ. ಮಾಡಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಮೇಲೆ ಆ ಕಾರ್ಡುಗಳ ಕಪಾಟು ಕೊಲೆಗಾರರ ಕೈಗೆ ಸಿಕ್ಕಿತು. ತಲೆಮರೆಸಿಕೊಂಡವರಿಗೆ ನಕಲಿ ಗುರುತಿನ ಚೀಟಿ ಮಾಡಿಕೊಡುತ್ತಿದ್ದ ಕಲಾವಿದರಿಗೆ ಬೇಗ ಒಂದು ವಿಷಯ ಗೊತ್ತಾಯಿತು: ಚೀಟಿ ಎಷ್ಟೇ ಚೆನ್ನಾಗಿದ್ದರೂ, ಕಚೇರಿಯ ಕಾರ್ಡಿನ ಜೊತೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ. ಮಾರ್ಚ್ 27ರ ರಾತ್ರಿ ವಿಲ್ಲೆಮ್ ಅರೊಂಡಿಯಸ್, ಗೆರಿಟ್ ವಾನ್ ಡರ್ ವೇನ್ ಮತ್ತು ಜೊತೆಗಾರರು ಪೊಲೀಸ್ ಸಮವಸ್ತ್ರ ತೊಟ್ಟು ನೋಂದಣಿ ಕಚೇರಿಗೆ ಹೋದರು. ಕಾವಲುಗಾರರನ್ನು ಕೊಲ್ಲಲಿಲ್ಲ. ಪ್ರಜ್ಞೆ ತಪ್ಪಿಸುವ ಚುಚ್ಚುಮದ್ದು ಕೊಟ್ಟು, ಪಕ್ಕದ ಮೃಗಾಲಯದ ತೋಟಕ್ಕೆ ಹೊತ್ತು ಹಾಕಿದರು. ಕಾರ್ಡುಗಳನ್ನು ಡ್ರಾಯರುಗಳಿಂದ ಸುರಿದು ಬೆಂಕಿ ಇಟ್ಟರು.

ಅಗ್ನಿಶಾಮಕದವರು ಬಂದರು, ತಡವಾಗಿ ಬಂದರು. ಬಂದವರು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ನೀರು ಹೊಡೆದರು. ಬೆಂಕಿಗೆ ಸಿಗದ ಕಾರ್ಡುಗಳು ನೀರಲ್ಲಿ ಹಾಳಾದವು. ಈ ಒಂದು ವಿವರ ನನ್ನನ್ನು ಬಿಡುವುದೇ ಇಲ್ಲ. ಪೈಪು ಹಿಡಿದು ನಿಂತವರು ಬಂಡಾಯಗಾರರ ಗುಂಪಿಗೆ ಸೇರಿದವರಲ್ಲ, ತಮ್ಮ ಡ್ಯೂಟಿ ಮಾಡುತ್ತಿದ್ದವರು. ಅದೇ ಡ್ಯೂಟಿಯನ್ನು ಸ್ವಲ್ಪ ನಿಧಾನಕ್ಕೆ, ಸ್ವಲ್ಪ ಹೆಚ್ಚಿಗೆ ಮಾಡಿದರು. ಯಾವ ದಬ್ಬಾಳಿಕೆಯ ವ್ಯವಸ್ಥೆಯೂ ತಾನಾಗಿ ನಡೆಯುವುದಿಲ್ಲ, ಅದರೊಳಗೆ ಇಂಥ ಕೈಗಳು ಇದ್ದೇ ಇರುತ್ತವೆ. ಹೊರೈಜನ್ ವಿಷಯದಲ್ಲೂ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರೊಬ್ಬರು 2015ರಲ್ಲಿ ಟಿವಿ ಮುಂದೆ ಬಂದು, ಶಾಖೆಯ ಲೆಕ್ಕವನ್ನು ಹೊರಗಿನಿಂದಲೇ ಬದಲಿಸಲು ಸಾಧ್ಯವಿತ್ತೆಂದು ಬಾಯಿಬಿಟ್ಟದ್ದು ಕೇಸಿನ ದಿಕ್ಕನ್ನೇ ಬದಲಿಸಿತು.

ಆಮ್‌ಸ್ಟರ್‌ಡಾಮಿನಲ್ಲಿ ಹಾಳಾದದ್ದು ಸುಮಾರು 8 ಲಕ್ಷ ಕಾರ್ಡು, ಒಟ್ಟಿನ 15% ಮಾತ್ರ. ಗುಂಪಿನ ಹೆಚ್ಚಿನವರು ಸಿಕ್ಕಿಬಿದ್ದರು, ಜುಲೈ 1ಕ್ಕೆ 12 ಮಂದಿಯನ್ನು ಗುಂಡಿಕ್ಕಿ ಕೊಂದರು. ಆ ದೇಶದ ಯಹೂದಿಗಳಲ್ಲಿ ನಾಲ್ವರಲ್ಲಿ ಮೂವರು ಯುದ್ಧ ಮುಗಿಯುವ ಹೊತ್ತಿಗೆ ಇರಲಿಲ್ಲ.

ಆ ನೆನಪು ಜನರಲ್ಲಿ ಉಳಿಯಿತು. 1971ರ ಜನಗಣತಿಗೆ ಡಚ್ಚರಲ್ಲಿ ಎಷ್ಟು ವಿರೋಧ ಬಂತೆಂದರೆ, ಮನೆಮನೆಗೆ ಹೋಗಿ ಲೆಕ್ಕ ಬರೆಯುವ ಜನಗಣತಿ ಅಲ್ಲಿ ಅದೇ ಕೊನೆ. ಪಶ್ಚಿಮ ಜರ್ಮನಿಯಲ್ಲಿ 1983ರ ಜನಗಣತಿಗೆ ಬಹಿಷ್ಕಾರದ ಚಳವಳಿ ಎದ್ದಿತು. ಸಂವಿಧಾನ ನ್ಯಾಯಾಲಯ ಅದನ್ನು ತಡೆದು, ತನ್ನ ಮಾಹಿತಿ ಎಲ್ಲಿ ಹೋಗಬೇಕೆಂದು ತೀರ್ಮಾನಿಸುವ ಹಕ್ಕು ಮನುಷ್ಯನಿಗಿದೆ ಎಂದು ಆ ವರ್ಷದ ಡಿಸೆಂಬರ್ 15ರಂದು ತೀರ್ಪು ಕೊಟ್ಟಿತು. ಇಂದಿನ ಯುರೋಪಿನ ಮಾಹಿತಿ ಕಾನೂನುಗಳ ಹಿಂದೆ ಈ ಯೋಚನೆ ಇದೆ. ಕಪಾಟು ತುಂಬುವ ಮೊದಲೇ ಬೇಡ ಅಂದರೆ ಆಮೇಲೆ ಬೆಂಕಿ ಇಡುವ ಪರಿಸ್ಥಿತಿ ಬರುವುದಿಲ್ಲ. ಈಗ ಆ ಕಪಾಟು ನಾವೇ ಜೇಬಿನಲ್ಲಿಟ್ಟುಕೊಂಡು ತಿರುಗುತ್ತೇವೆ.

ನನಗೆ ಈಗ ಹೆಚ್ಚು ಹೆದರಿಕೆ ಹುಟ್ಟಿಸುವುದು ಕ್ಯಾಮೆರಾಗಳಲ್ಲ. ಅವು ಕಣ್ಣಿಗೆ ಕಾಣುತ್ತವೆ, ಕಂಡದ್ದರ ವಿರುದ್ಧ ಜನ ಸೇರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ನಗರ 2019ರಲ್ಲೇ ತನ್ನ ಪೊಲೀಸರಿಗೆ ಮುಖ ಗುರುತಿಸುವ ತಂತ್ರ ಬಳಸಬಾರದೆಂದು ತಡೆ ಹಾಕಿತ್ತು. ಯುರೋಪಿನ ಎಐ ಕಾಯ್ದೆಯಡಿ 2025ರ ಫೆಬ್ರವರಿಯಿಂದ ಕೆಲಸದ ಜಾಗದಲ್ಲಿ ನೌಕರರ ಮುಖ ನೋಡಿ ಭಾವನೆ ಅಳೆಯುವುದಕ್ಕೆ ನಿಷೇಧವಿದೆ. ಹೆದರಿಕೆ ಇರುವುದು ಪ್ರತಿಯೊಬ್ಬರಿಗೂ ಬೇರೆ ಬೇರೆ ಪರದೆ ತೋರಿಸುವ ವ್ಯವಸ್ಥೆಗಳ ಬಗ್ಗೆ. ಒಂದೇ ಕೆಲಸಕ್ಕೆ ಅಕ್ಕಪಕ್ಕ ನಿಂತ ಇಬ್ಬರು ಚಾಲಕರಿಗೆ ಬೇರೆ ಬೇರೆ ಕೂಲಿ, ಒಂದೇ ವಸ್ತುವಿಗೆ ಇಬ್ಬರಿಗೆ ಬೇರೆ ಬೇರೆ ಬೆಲೆ, ಒಂದೇ ಅರ್ಜಿಗೆ ಇಬ್ಬರಿಗೆ ಕಾರಣ ಹೇಳದ ಬೇರೆ ಬೇರೆ ಉತ್ತರ. ಎ ಲೆವೆಲ್ ಮಕ್ಕಳು ನಾಲ್ಕೇ ದಿನದಲ್ಲಿ ಗೆದ್ದದ್ದು ಪೆಟ್ಟು ಒಂದೇ ಥರ, ಒಂದೇ ದಿನ ಬಿದ್ದಿದ್ದರಿಂದ. ಎಲ್ಲರ ಪೆಟ್ಟೂ ಬೇರೆ ಬೇರೆಯಾದರೆ ‘ನಿನಗೂ ಹೀಗಾಯ್ತಾ?’ ಅಂತ ಕೇಳಿದರೂ ಉತ್ತರ ‘ಇಲ್ಲ’ ಅಂತಲೇ ಬರುತ್ತದೆ.

ಹಾಗಾಗಿ ಕೇಳುವ ರೀತಿ ಬದಲಾಗಬೇಕು. ನಾನು ಫೋನ್ ಬಿಸಾಡುತ್ತೇನೆ, ಆಪ್ ಅಳಿಸುತ್ತೇನೆ ಅನ್ನುವುದು ಒಬ್ಬರ ನೆಮ್ಮದಿಗೆ ಸರಿ, ಆದರೆ ಕೂಲಿ, ಭತ್ಯೆ, ಕೇಸು ಆ ಪರದೆಯ ಮೇಲೆ ನಿಂತಿರುವವರಿಗೆ ಆ ಆಯ್ಕೆಯೇ ಇಲ್ಲ. ಅವರಿಗೆ ಬೇಕಾದ್ದು ಬರವಣಿಗೆಯಲ್ಲಿ ಕಾರಣ, ಉತ್ತರ ಕೊಡಲು ಹೆಸರಿರುವ ಒಬ್ಬ ಮನುಷ್ಯ, ಬೇರೆಯವರ ಪರದೆಯ ಜೊತೆ ತಮ್ಮದನ್ನು ಹೋಲಿಸಿ ನೋಡುವ ಹಕ್ಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಷ್ಟೆಲ್ಲ ಆದ ಮೇಲೂ ಅದೇ ತುಂಬಾ ಕಡೆ ಸಿಕ್ಕಿಲ್ಲ.

ಮತ್ತೆ ಆ ಅಂಚೆ ಶಾಖೆಗೆ ಬರುತ್ತೇನೆ. ಅಷ್ಟು ಜನರಿಗೆ ಅಷ್ಟು ಸುಲಭವಾಗಿ ಶಿಕ್ಷೆಯಾಗಲು ಇನ್ನೊಂದು ಕಾರಣವಿತ್ತು. ಮೊದಲು ಇಂಗ್ಲೆಂಡಿನ ಕೋರ್ಟಿನಲ್ಲಿ ಕಂಪ್ಯೂಟರ್ ದಾಖಲೆಯನ್ನು ಸಾಕ್ಷಿಯಾಗಿ ತರುವವರು ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. 1999ರಲ್ಲಿ, ಹೊರೈಜನ್ ಶಾಖೆಗಳಿಗೆ ಬಂದ ಅದೇ ವರ್ಷ, ಆ ನಿಯಮ ತೆಗೆಯುವ ಕಾನೂನಾಯಿತು. ಅಲ್ಲಿಂದಾಚೆ ಕಂಪ್ಯೂಟರ್ ಸರಿಯಾಗಿದೆ ಎಂದೇ ಕೋರ್ಟು ನಂಬಿ ಮುಂದುವರಿಯುತ್ತಿತ್ತು. ಕೆಟ್ಟಿದೆ ಎಂದು ತೋರಿಸಬೇಕಾದದ್ದು ಹಳ್ಳಿಯ ಶಾಖೆಯಲ್ಲಿ ರಾತ್ರಿ ಒಬ್ಬರೇ ಕೂತು ದುಡ್ಡು ಎಣಿಸುತ್ತಿದ್ದವರು. ಈ ನಂಬಿಕೆಯನ್ನು ಬದಲಿಸಬೇಕೇ ಎಂದು ಬ್ರಿಟನ್ನಿನ ನ್ಯಾಯ ಇಲಾಖೆ ಜನರ ಅಭಿಪ್ರಾಯ ಕೇಳಿದ್ದು 2025ರ ಜನವರಿಯಲ್ಲಿ.